ಪೂವಿನಬಾಗೆಯ ರಾಜಾದಿತ್ಯ ಮತ್ತು ಮೂರು ಮನೆಯ ಲೆಕ್ಕ

ಮಿರಜದಿಂದ ಬೆಳಗಾವಿ ಕಡೆ ಹೊರಟ ರೈಲು ಶೇಡಬಾಳ, ಉಗಾರ ಖುರ್ದ, ಕುಡಚಿ, ಚಿಂಚಲಿ ದಾಟಿ ರಾಯಬಾಗಕ್ಕೆ ಬರುತ್ತದೆ. ಕಾಗವಾಡ, ಅಥಣಿ ಕಡೆಯ ಎಷ್ಟೋ ಹುಡುಗ ಹುಡುಗಿಯರು ಕಾಲೇಜಿಗೆ, ಪರೀಕ್ಷೆಗೆ, ಸಂದರ್ಶನಕ್ಕೆ ಓಡಾಡುವ ದಾರಿ ಇದು. ಆ ರಾಯಬಾಗಕ್ಕೆ ಹಿಂದೆ ಪೂವಿನಬಾಗೆ, ಹೂವಿನಬಾಗೆ ಎಂಬ ಚೆಂದದ ಹೆಸರಿತ್ತು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗಣಿತ ಗ್ರಂಥಗಳನ್ನು ಬರೆದ ರಾಜಾದಿತ್ಯ ಹುಟ್ಟಿದ್ದು ಅಲ್ಲೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂತವರಿಗೆ ಈ ಹೆಸರು ಗೊತ್ತು: ವ್ಯವಹಾರಗಣಿತದ ಕರ್ತೃ ಯಾರು, ಉತ್ತರ ರಾಜಾದಿತ್ಯ, ಒಂದು ಅಂಕ. ಅಲ್ಲಿಗೆ ಮುಗಿಯಿತು. ಆದರೆ ಈಗ ಕಂಪ್ಯೂಟರ್ ಭಾಷೆ ಕಲಿಯುತ್ತ, ವಿಶೇಷವಾಗಿ ಟೈಪ್‌ಸ್ಕ್ರಿಪ್ಟ್ ಕಲಿಯುತ್ತ ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಈತನ ಬದುಕು ಮತ್ತು ಬರವಣಿಗೆ ಒಂದು ಅಂಕಕ್ಕಿಂತ ಹೆಚ್ಚು ಬೆಲೆಯದ್ದು. ಹೇಗೆ ಎನ್ನುವುದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ರಾಜಾದಿತ್ಯನ ಬಗ್ಗೆ ನಮಗೆ ಗೊತ್ತಿರುವುದೆಲ್ಲ ಹೆಚ್ಚುಕಡಿಮೆ ಅವನ ಕೃತಿಗಳಿಂದಲೇ ಬಂದದ್ದು. ತಂದೆ ಶ್ರೀಪತಿ, ತಾಯಿ ವಸಂತೆ. ಗುರು ಶುಭಚಂದ್ರದೇವ. ಹೆಂಡತಿ ಕನಕಮಾಲೆ. ಧರ್ಮದಿಂದ ಜೈನ. ಅವನ ಊರಿದ್ದ ಕೂಂಡಿ ನಾಡನ್ನು ಆಗ ಸವದತ್ತಿಯ ರಟ್ಟರು ನೋಡಿಕೊಳ್ಳುತ್ತಿದ್ದರು. ಶಾಸನಗಳು ಅದನ್ನು ಕೂಂಡಿ ಮೂರು ಸಾವಿರ ಎಂದು ಕರೆಯುತ್ತವೆ. ಇವತ್ತಿನ ನಮ್ಮ ತಾಲ್ಲೂಕುಗಳ ಬಹುಭಾಗ ಅದರೊಳಗೇ ಬರುತ್ತಿತ್ತು. ವಿಷ್ಣು ಎಂಬ ಅರಸನ ಆಶ್ರಯ ಅವನಿಗಿತ್ತು, ಆ ಅರಸ ಹೊಯ್ಸಳ ವಿಷ್ಣುವರ್ಧನ ಎಂದು ಆರ್. ನರಸಿಂಹಾಚಾರ್ಯರು ಕವಿಚರಿತೆಯಲ್ಲಿ ಗುರುತಿಸಿ, ಕವಿಯ ಕಾಲವನ್ನು 1120ರ ಸುಮಾರಿಗೆ ಇಟ್ಟರು. 1190ರ ಹತ್ತಿರ ಎನ್ನುವವರೂ ಇದ್ದಾರೆ. ಹೇಗಿದ್ದರೂ 12ನೆಯ ಶತಮಾನ; ಅಂದರೆ ಕಲ್ಯಾಣದಲ್ಲಿ ಶರಣರು ವಚನ ಹೇಳುತ್ತಿದ್ದ, ಭಾಸ್ಕರಾಚಾರ್ಯರು ಸಂಸ್ಕೃತದಲ್ಲಿ ಲೀಲಾವತಿ ಬರೆದ ಅದೇ ನೂರು ವರ್ಷ.

ಅವನಿಗೆ ಹೆಸರುಗಳು ಬಹಳ. ರಾಜವರ್ಮ, ಬಾಚಯ್ಯ, ಬಾಚಿರಾಜ, ಭಾಸ್ಕರ ಎಲ್ಲವೂ ಅವನೇ. ಬಿರುದುಗಳು ಗಣಿತವಿಲಾಸ, ಪದ್ಯವಿದ್ಯಾಧರ, ಓಜೆಬೆಡಂಗ. ಹಳಗನ್ನಡದಲ್ಲಿ ಓಜೆ ಎಂದರೆ ಕ್ರಮ, ಬೆಡಂಗು ಎಂದರೆ ಸೊಗಸು. ಕ್ರಮದಲ್ಲೇ ಸೊಗಸು ಕಂಡವನಿಗೆ ಇದಕ್ಕಿಂತ ಒಪ್ಪುವ ಬಿರುದು ನನಗಂತೂ ಹೊಳೆಯುವುದಿಲ್ಲ. ಕೃತಿಗಳು ಆರು: ವ್ಯವಹಾರಗಣಿತ, ಕ್ಷೇತ್ರಗಣಿತ, ವ್ಯವಹಾರರತ್ನ, ಲೀಲಾವತಿ, ಚಿತ್ರಹಸುಗೆ, ಜೈನಗಣಿತಸೂತ್ರ ಟೀಕೋದಾಹರಣ. ಹಸುಗೆ ಎಂದರೆ ಪಾಲು ಹಂಚುವುದು. ಈ ಹೆಸರುಗಳನ್ನು ಓದಿದರೇ ಸಾಕು, ಅವನ ಕಣ್ಣು ನಕ್ಷತ್ರದ ಮೇಲಿಗಿಂತ ಸಂತೆಯ ಮೇಲೆ, ಹೊಲದ ಮೇಲೆ, ಅಣ್ಣತಮ್ಮಂದಿರ ಪಾಲಿನ ಮೇಲೆ ಇತ್ತು ಎಂದು ತಿಳಿಯುತ್ತದೆ.

ಅವನಿಗಿಂತ ಸುಮಾರು ಮೂರು ಶತಮಾನ ಮೊದಲು, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಇದೇ ಕನ್ನಡ ನಾಡಿನ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ಬರೆದಿದ್ದರು. ದೊಡ್ಡ ಗ್ರಂಥ, ಆದರೆ ಸಂಸ್ಕೃತದಲ್ಲಿ. ಜೈನರಲ್ಲಿ ಲೆಕ್ಕ ಎನ್ನುವುದು ಶಾಸ್ತ್ರದ ಒಂದು ಕವಲೇ ಆಗಿತ್ತು, ಹಾಗಾಗಿ ರಾಜಾದಿತ್ಯನಿಗೆ ಆ ಸಂಸ್ಕೃತ ಪರಂಪರೆ ಕೈಗೆಟುಕುವಂತಿತ್ತು. ಅವನು ಅದನ್ನು ಕನ್ನಡಕ್ಕೆ ತಂದ. ಸೂತ್ರವನ್ನು ಪದ್ಯದಲ್ಲಿ ಕಟ್ಟಿದ, ಏಕೆಂದರೆ ಪದ್ಯ ನೆನಪಿನಲ್ಲಿ ಉಳಿಯುತ್ತದೆ. ಕೆಳಗೆ ಕನ್ನಡ ಗದ್ಯದಲ್ಲಿ ಬಿಡಿಸಿ ಹೇಳಿದ. ಆಮೇಲೆ ಉದಾಹರಣೆ ಕೊಟ್ಟ. ಇವತ್ತಿನ ಒಳ್ಳೆಯ ಪಠ್ಯಪುಸ್ತಕ ಮಾಡುವುದೂ ಇಷ್ಟನ್ನೇ. ಕನ್ನಡ ಮಾಧ್ಯಮದಲ್ಲಿ ಓದಿ, ತಾಂತ್ರಿಕ ವಿಷಯ ಎಂದರೆ ಇಂಗ್ಲಿಷಿನಲ್ಲೇ ಹುಟ್ಟಿದ್ದು ಎಂದು ನಂಬಿರುವ ನಮಗೆ ಈ ಸಂಗತಿ ತುಸು ಬೇಗ ಗೊತ್ತಾಗಬೇಕಿತ್ತು.

ಅವನ ಕಾಲದ ಅಳತೆಗಳನ್ನು ಒಮ್ಮೆ ನೋಡಿ. ನೆಲಕ್ಕೆ ಮತ್ತರು, ಕಮ್ಮ. ಕಾಳಿಗೆ ಖಂಡುಗ, ಕೊಳಗ, ಬಳ್ಳ, ಮಾನ. ಎಣ್ಣೆಗೆ ಸೊಲ್ಲಗೆ. ಹೊನ್ನಿಗೆ ಗದ್ಯಾಣ, ಪಣ, ಹಾಗ, ವೀಸ. ಅದೂ ಸಾಲದು, ಒಂದೂರಿನ ಮತ್ತರು ಇನ್ನೊಂದೂರಿನ ಮತ್ತರಿಗೆ ಸಮ ಇರಬೇಕೆಂದೇನೂ ಇರಲಿಲ್ಲ. ಅಳೆಯುವ ಕೋಲು ಊರಿಂದೂರಿಗೆ ಬೇರೆ. ಅದಕ್ಕೇ ದಾನಶಾಸನಗಳು ಯಾವ ಕೋಲಿನಿಂದ ಅಳೆದ ಮತ್ತರು ಎಂದು ಕೋಲಿನ ಹೆಸರನ್ನೂ ಕೆತ್ತಿಸುತ್ತವೆ. ಬರಿಯ ಹತ್ತು ಎಂದರೆ ಏನೂ ಹೇಳಿದಂತಾಗಲಿಲ್ಲ. ಹತ್ತು ಏನು, ಯಾವ ಕೋಲಿನದು ಎಂದು ಕೂಡಿಸಿ ಹೇಳಿದಾಗ ಮಾತ್ರ ಅದು ಲೆಕ್ಕ.

ವ್ಯವಹಾರಗಣಿತದ ಜೀವಾಳ ತ್ರೈರಾಶಿ. ನಮ್ಮ ಅಜ್ಜಂದಿರು ಶಾಲೆಯಲ್ಲಿ ಕಲಿತದ್ದು, ನಾವು ಅನುಪಾತ ಎಂಬ ಹೆಸರಿನಲ್ಲಿ ಕಲಿತದ್ದು. ಇವತ್ತಿನ ಒಂದು ಲೆಕ್ಕ ಹಾಕೋಣ. 25 ಕೆ.ಜಿ. ಬೆಲ್ಲಕ್ಕೆ 1100 ರೂಪಾಯಿ ಆದರೆ 40 ಕೆ.ಜಿ.ಗೆ ಎಷ್ಟು? ಹಳೆಯ ಗಣಿತದವರು ಇದನ್ನು ಮೂರು ಮನೆಗಳಲ್ಲಿ ಬರೆಯುತ್ತಿದ್ದರು: 25, 1100, 40. ಮೊದಲನೆಯದು ಪ್ರಮಾಣ, ನಡುವಿನದು ಫಲ, ಕೊನೆಯದು ಇಚ್ಛೆ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಿದರೆ 1760 ರೂಪಾಯಿ. ಇಷ್ಟು ಎಲ್ಲರಿಗೂ ಗೊತ್ತು. ನಿಯಮಕ್ಕೆ ಇನ್ನೊಂದು ಅರ್ಧ ಇದೆ, ಅದನ್ನು ನಮ್ಮ ಶಾಲೆಗಳು ಬಿಟ್ಟುಬಿಟ್ಟಿವೆ. 628ರಲ್ಲಿ ಬ್ರಹ್ಮಗುಪ್ತ ಆಗಲೇ ಅದನ್ನು ಹೇಳಿದ್ದ, ಆಮೇಲಿನ ಪರಂಪರೆ ಅದನ್ನೇ ಹಿಡಿದು ನಡೆಯಿತು: ಮೊದಲ ಮನೆಯದೂ ಕೊನೆಯ ಮನೆಯದೂ ಒಂದೇ ಜಾತಿಯವು ಇರಬೇಕು, ನಡುವಿನದು ಬೇರೆ ಜಾತಿಯದು. ಇಲ್ಲಿ ಜಾತಿ ಎಂದರೆ ಬಗೆ, ವಸ್ತುವಿನ ಪ್ರಕಾರ, ಬೇರೇನೂ ಅಲ್ಲ. ಕೆ.ಜಿ., ರೂಪಾಯಿ, ಕೆ.ಜಿ. ಇಂಗ್ಲಿಷಿನಲ್ಲಿ ಇದನ್ನೇ ಟೈಪ್ ಎನ್ನುತ್ತಾರೆ.

ಈಗ ಟೈಪ್‌ಸ್ಕ್ರಿಪ್ಟಿಗೆ ಬರೋಣ. 2012ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟ್ ಇದನ್ನು ಬಿಡುಗಡೆ ಮಾಡಿತು. ಜಾವಾಸ್ಕ್ರಿಪ್ಟಿಗೆ ಟೈಪ್ ಎಂಬ ಕಾವಲು ಹಾಕಿದ ಭಾಷೆ ಎಂದರೆ ಸರಿ. ಅದರಲ್ಲಿ ನೀವು ದರ ಎಂಬ ಹೆಸರಿಟ್ಟು 25, 1100, 40 ಎಂಬ ಅರೇಯನ್ನು ಬರೆದಿರಿ ಎನ್ನಿ. (ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆಯಬಹುದು, ಭಾಷೆ ಒಪ್ಪುತ್ತದೆ, ತಂಡದವರು ಒಪ್ಪುತ್ತಾರೆಯೇ ಎನ್ನುವುದು ಬೇರೆ ಮಾತು.) ಕಂಪೈಲರ್ ಇದನ್ನು ನೋಡಿ ನಂಬರ್‌ಗಳ ಅರೇ ಎಂದಷ್ಟೇ ಗುರುತು ಹಾಕಿಕೊಳ್ಳುತ್ತದೆ. ಎಷ್ಟು ಮನೆಗಳಿವೆ ಎಂಬುದು ಅದಕ್ಕೆ ಮರೆತುಹೋಯಿತು. ಯಾವ ಮನೆಯಲ್ಲಿ ಏನಿದೆ ಎಂಬುದೂ ಹೋಯಿತು. ಇಲ್ಲದ ನಾಲ್ಕನೆಯ ಮನೆಯನ್ನು ಕೇಳಿದರೂ, ಬೇರೆ ಏನೂ ಹೇಳದಿದ್ದರೆ, ಅಲ್ಲಿ ನಂಬರ್ ಇದೆ ಎಂದೇ ತಲೆಯಾಡಿಸುತ್ತದೆ. ಇದು ದಡ್ಡತನವಲ್ಲ, ಎಚ್ಚರಿಕೆ. ಅರೇ ಎನ್ನುವುದು ಬೆಳೆಯಬಹುದಾದ, ಬದಲಾಗಬಹುದಾದ ವಸ್ತು. ನಾಳೆ ನೀವು 25ರ ಜಾಗದಲ್ಲಿ 30 ಇಡಬಹುದು, ಕೊನೆಗೆ ಇನ್ನೊಂದು ಸೇರಿಸಬಹುದು. ಅದಕ್ಕೇ ಅದು ಅಗಲವಾದ ಟೈಪನ್ನು ಆರಿಸಿಕೊಳ್ಳುತ್ತದೆ. ಮೂರು ಮನೆಯ ಲೆಕ್ಕವನ್ನು ಒಂದು ಚೀಲಕ್ಕೆ ಸುರಿದಂತೆ.

ಚೀಲದಿಂದ ಮತ್ತೆ ಮನೆಗಳನ್ನು ಪಡೆಯುವ ದಾರಿ ಎರಡು. ಒಂದು, ನೀವೇ ಮೊದಲು ಹೇಳಿಬಿಡುವುದು: ಇದು ಮೂರು ಮನೆಯ ಟ್ಯೂಪಲ್, ಮನೆಮನೆಗೆ ಟೈಪ್ ಇಂಥದ್ದು ಎಂದು. ಇನ್ನೊಂದು, ಅರೇಯ ಕೊನೆಗೆ ಆ್ಯಸ್ ಕಾನ್ಸ್ಟ್ ಎಂದು ಬರೆಯುವುದು. 2019ರ ಮಾರ್ಚಿನಲ್ಲಿ 3.4ನೆಯ ಆವೃತ್ತಿಯೊಂದಿಗೆ ಬಂದ ಸೌಲಭ್ಯ ಇದು. ಹಾಗೆ ಬರೆದರೆ ಇದನ್ನು ಯಾರೂ ಬದಲಿಸುವುದಿಲ್ಲ ಎಂದು ಕಂಪೈಲರಿಗೆ ಮಾತು ಕೊಟ್ಟಂತೆ. ಆಗ ಅದು ಅಗಲ ಮಾಡುವುದನ್ನು ನಿಲ್ಲಿಸಿ, ಮನೆಗಳು ಮೂರು, ಮೊದಲನೆಯದರಲ್ಲಿ 25 ಮಾತ್ರ, ಎರಡನೆಯದರಲ್ಲಿ 1100 ಮಾತ್ರ, ಮೂರನೆಯದರಲ್ಲಿ 40 ಮಾತ್ರ, ಎಲ್ಲವೂ ಓದಲು ಮಾತ್ರ ಎಂದು ಕರಾರುವಾಕ್ಕಾಗಿ ಹಿಡಿದುಕೊಳ್ಳುತ್ತದೆ. ನಾಲ್ಕನೆಯ ಮನೆ ಕೇಳಿದರೆ ಈಗ ಕೆಂಪು ಗೆರೆ ಎಳೆಯುತ್ತದೆ.

ಇದರ ನಿಜವಾದ ಉಪಯೋಗ ಸಂಖ್ಯೆಗಿಂತ ಹೆಸರುಗಳ ಪಟ್ಟಿಯಲ್ಲಿ. ಚಿಕ್ಕೋಡಿ, ರಾಯಬಾಗ, ಅಥಣಿ ಎಂದು ಮೂರು ತಾಲ್ಲೂಕುಗಳ ಅರೇ ಇರುವ ಹಳೆಯ ಪ್ರೋಗ್ರಾಂ ಒಂದನ್ನು ಊಹಿಸಿಕೊಳ್ಳಿ. ಬರಿಯ ಅರೇ ಆದರೆ ಕಂಪೈಲರಿಗೆ ಅದು ಸ್ಟ್ರಿಂಗ್‌ಗಳ ಚೀಲ; ಯಾರೋ ಅವಸರದಲ್ಲಿ ಅಥಣಿಯನ್ನು ಅತಣಿ ಎಂದು ಬರೆದರೂ ಒಪ್ಪಿಬಿಡುತ್ತದೆ. ಆ್ಯಸ್ ಕಾನ್ಸ್ಟ್ ಹಾಕಿ, ಆ ಅರೇಯ ಯಾವುದೇ ಮನೆಯಲ್ಲಿರುವ ಟೈಪ್ ಯಾವುದೋ ಅದೇ ನನ್ನ ತಾಲ್ಲೂಕು ಎಂಬ ಟೈಪ್ ಎಂದು ಬರೆದರೆ, ಈ ಮೂರು ಹೆಸರು ಬಿಟ್ಟು ಬೇರೆ ಹೆಸರು ಒಳಗೆ ಬರಲಾರದು. 2018ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರೆ ತಾಲ್ಲೂಕುಗಳಾದಾಗ ಇಂಥ ಪ್ರೋಗ್ರಾಮಿನಲ್ಲಿ ಪಟ್ಟಿಗೆ ಎರಡು ಹೆಸರು ಸೇರಿಸಿದರೆ ಸಾಕಿತ್ತು, ಟೈಪ್ ತಾನೇ ಬೆಳೆಯುತ್ತಿತ್ತು. ಪಟ್ಟಿ ಒಂದು ಕಡೆ, ಟೈಪ್ ಇನ್ನೊಂದು ಕಡೆ ಬರೆದುಕೊಂಡಿದ್ದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಖಂಡಿತ. ಕಾಗವಾಡದವರ ಅರ್ಜಿ ಅಥಣಿಯ ಖಾತೆಗೆ ಬಿದ್ದರೆ ಓಡಾಡುವವರು ಯಾರು ಎಂದು ನಮಗೆ ಬೇರೆ ಹೇಳಬೇಕಾಗಿಲ್ಲ.

ಎರಡು ಎಚ್ಚರಿಕೆ ಮಾತ್ರ ಇರಲಿ. ಆ್ಯಸ್ ಕಾನ್ಸ್ಟ್ ಎನ್ನುವುದು ಕಂಪೈಲರಿನ ಮುಂದೆ ಇಟ್ಟ ಮಾತು, ಪ್ರೋಗ್ರಾಂ ಓಡುವಾಗ ಅರೇಗೆ ಬೀಗ ಹಾಕುವುದಿಲ್ಲ. ಮತ್ತೆ, ಹಾಗೆ ಪಡೆದ ಟ್ಯೂಪಲನ್ನು ಸಾದಾ ನಂಬರ್ ಅರೇ ಕೇಳುವ ಫಂಕ್ಷನ್ನಿಗೆ ಕೊಟ್ಟರೆ ತಕರಾರು ಬರುತ್ತದೆ, ಏಕೆಂದರೆ ಆ ಫಂಕ್ಷನ್ ಒಳಗೆ ಅದನ್ನು ಬದಲಿಸಬಹುದು; ಫಂಕ್ಷನ್ನನ್ನೇ ರೀಡ್‌ಓನ್ಲಿ ಅರೇ ಸ್ವೀಕರಿಸುವಂತೆ ಬರೆಯಬೇಕು. ಟ್ಯೂಪಲ್ ಮೇಲೆ ಮ್ಯಾಪ್ ಓಡಿಸಿದರೆ ಹೊರಬರುವುದು ಮತ್ತೆ ಚೀಲವೇ, ಮನೆಗಳ ಎಣಿಕೆ ಅಲ್ಲಿಗೆ ಕಳೆದುಹೋಗುತ್ತದೆ. ಇದು ಎಚ್ಚರಿಕೆ ಮೂರಾಯಿತು, ಇರಲಿ.

ರಾಜಾದಿತ್ಯನ ಮೂರು ಮನೆಗೆ ಹಿಂತಿರುಗೋಣ. ಮನೆಗಳನ್ನು ಅದಲುಬದಲು ಮಾಡಿದರೆ ಏನಾಗುತ್ತದೆ? ಮೊದಲ ಎರಡನ್ನು ಬದಲಿಸಿದರೆ 40 ಕೆ.ಜಿ. ಬೆಲ್ಲದ ಬೆಲೆ ಒಂದು ರೂಪಾಯಿಗಿಂತ ಕಡಿಮೆ ಬರುತ್ತದೆ. ಯಾರು ನೋಡಿದರೂ ನಗುತ್ತಾರೆ, ತಪ್ಪು ಸಿಕ್ಕಿಬೀಳುತ್ತದೆ. ಆದರೆ ಮೊದಲನೆಯದನ್ನೂ ಕೊನೆಯದನ್ನೂ ಬದಲಿಸಿ ನೋಡಿ: 687 ರೂಪಾಯಿ 50 ಪೈಸೆ. ಇದು ನಿಜವಾದ ಬಿಲ್ಲಿನಂತೆಯೇ ಕಾಣುತ್ತದೆ. ಗಾಣದವನಿಗೆ 1072 ರೂಪಾಯಿ 50 ಪೈಸೆ ನಷ್ಟ, ಯಾರ ಕಣ್ಣಿಗೂ ಬೀಳದ ನಷ್ಟ. ಟೈಪ್‌ಸ್ಕ್ರಿಪ್ಟಿನಲ್ಲಿ ಕೆ.ಜಿ.ಗೂ ರೂಪಾಯಿಗೂ ಬೇರೆ ಬೇರೆ ಮುದ್ರೆ ಒತ್ತಿದ ನಂಬರ್ ಟೈಪ್‌ಗಳನ್ನು ಮಾಡಿಕೊಂಡು ಟ್ಯೂಪಲ್ ಬರೆದರೆ ಮೊದಲ ಬಗೆಯ ತಪ್ಪು ನಿಲ್ಲುತ್ತದೆ. ಎರಡನೆಯದು ನಿಲ್ಲುವುದಿಲ್ಲ, ಎರಡೂ ಕೆ.ಜಿ.ಯೇ ತಾನೆ? 2020ರ ಆಗಸ್ಟಿನಲ್ಲಿ ಬಂದ 4.0 ಆವೃತ್ತಿಯಿಂದ ಟ್ಯೂಪಲಿನ ಮನೆಗಳಿಗೆ ಹೆಸರು ಬರೆಯಬಹುದು, ಪ್ರಮಾಣ, ಫಲ, ಇಚ್ಛೆ ಎಂದು. ಆದರೆ ಆ ಹೆಸರು ಓದುವ ಮನುಷ್ಯನಿಗೆ ಮಾತ್ರ, ಕಂಪೈಲರ್ ಅದನ್ನು ಪರೀಕ್ಷಿಸುವುದಿಲ್ಲ. ಅದೂ ಪರೀಕ್ಷಿಸಬೇಕೆಂದರೆ ಪ್ರಮಾಣದ ಕೆ.ಜಿ.ಗೆ ಒಂದು ಮುದ್ರೆ, ಇಚ್ಛೆಯ ಕೆ.ಜಿ.ಗೆ ಇನ್ನೊಂದು ಮುದ್ರೆ ಬೇಕು, ಇಲ್ಲವೇ ಅರೇ ಬಿಟ್ಟು ಹೆಸರುಳ್ಳ ಆಬ್ಜೆಕ್ಟ್ ಬಳಸಬೇಕು. ಹಳಬರು ಜಾತಿಯೊಂದನ್ನೇ ನಂಬದೆ ಪ್ರತಿ ಮನೆಗೂ ಪ್ರತ್ಯೇಕ ಹೆಸರು ಇಟ್ಟದ್ದು ಏಕೆ ಎಂದು ಇಲ್ಲಿ ಗೊತ್ತಾಗುತ್ತದೆ. ಜಾತಿ, ಜಾಗ, ಹೆಸರು, ಮೂರೂ ಕೂಡಿದಾಗಲೇ ಅವರ ಲೆಕ್ಕ ಭದ್ರ.

ವ್ಯವಹಾರಗಣಿತ ತ್ರೈರಾಶಿಗೆ ನಿಲ್ಲುವುದಿಲ್ಲ. ಪಂಚರಾಶಿ, ಸಪ್ತರಾಶಿ, ನವರಾಶಿ ಎಂದು ಮೇಲೇರುತ್ತದೆ. ಪಂಚರಾಶಿಗೆ ಬಡ್ಡಿ ಲೆಕ್ಕ ಸುಲಭದ ಉದಾಹರಣೆ. 100 ರೂಪಾಯಿಗೆ 1 ತಿಂಗಳಿಗೆ 2 ರೂಪಾಯಿ ಬಡ್ಡಿ. 4500 ರೂಪಾಯಿಗೆ 8 ತಿಂಗಳಿಗೆ ಎಷ್ಟು? ಎರಡು ಕಂಬ ಹಾಕುತ್ತಾರೆ. ಎಡಗಡೆ ಮೇಲಿನಿಂದ 100, 1, 2. ಬಲಗಡೆ 4500, 8, ಕೆಳಗಿನ ಮನೆ ಖಾಲಿ. ಅಸಲಿನ ಎದುರು ಅಸಲು, ತಿಂಗಳಿನ ಎದುರು ತಿಂಗಳು, ಬಡ್ಡಿಯ ಎದುರು ಬರಬೇಕಾದ ಬಡ್ಡಿ. ಆಮೇಲೆ 2ನ್ನು ಬಲಗಡೆಗೆ ಸಾಗಿಸಿ, ಬಲದ ಗುಣಲಬ್ಧವನ್ನು ಎಡದ ಗುಣಲಬ್ಧದಿಂದ ಭಾಗಿಸಿದರೆ 720. ಪ್ರೋಗ್ರಾಮಿನ ಭಾಷೆಯಲ್ಲಿ ಹೇಳುವುದಾದರೆ ಇದು ಟ್ಯೂಪಲ್‌ಗಳ ಅರೇ, ಅಡ್ಡಸಾಲು ಒಂದೊಂದಕ್ಕೂ ಒಂದೊಂದು ಟೈಪ್. ವರ್ಷವನ್ನು ತಿಂಗಳ ಎದುರು ಬರೆದರೆ ಕಂಬ ನೋಡಿದವನಿಗೇ ತಿಳಿಯಬೇಕು. ಸಾಲ ಕೊಡುವವನ ಬರವಣಿಗೆ ಓದಲು ಬಾರದೆ ಹೆಬ್ಬೆಟ್ಟು ಒತ್ತಿದವರ ಕಥೆ ನಮ್ಮ ಪ್ರತಿ ಊರಿನಲ್ಲೂ ಇದೆ. ಅವರ ಮುಂದೆ ಈ ಎರಡು ಕಂಬ ಅವರದೇ ಭಾಷೆಯಲ್ಲಿ ಇದ್ದಿದ್ದರೆ ಎಂದು ಅನಿಸದೆ ಇರುವುದಿಲ್ಲ.

ಟೈಪ್ ಎಷ್ಟೇ ಕರಾರುವಾಕ್ಕಾದರೂ ಹಿಡಿಯಲಾರದ ತಪ್ಪೊಂದಿದೆ, ರಾಜಾದಿತ್ಯ ಅದಕ್ಕೂ ಜಾಗ ಮಾಡಿದ್ದಾನೆ. 12 ಆಳು ಒಂದು ಗದ್ದೆಯ ಕಬ್ಬನ್ನು 10 ದಿನದಲ್ಲಿ ಕಡಿದರೆ 15 ಆಳಿಗೆ ಎಷ್ಟು ದಿನ? ಆಳು, ದಿನ, ಆಳು. ಜಾತಿ ಸರಿಯಾಗಿದೆ, ಮನೆ ಸರಿಯಾಗಿದೆ. ನೇರ ತ್ರೈರಾಶಿ ಹಾಕಿದರೆ ಹನ್ನೆರಡೂವರೆ ದಿನ ಬರುತ್ತದೆ, ಆಳು ಹೆಚ್ಚಿದಂತೆ ಕೆಲಸ ತಡ ಎಂದಾಯಿತು. ಸರಿಯಾದ ಉತ್ತರ 8. ಇಲ್ಲಿ ಬೇಕಾದದ್ದು ವ್ಯಸ್ತ ತ್ರೈರಾಶಿ, ಪ್ರಮಾಣದಿಂದ ಗುಣಿಸಿ ಇಚ್ಛೆಯಿಂದ ಭಾಗಿಸುವುದು. ಎರಡೂ ಉತ್ತರ ದಿನಗಳೇ ಆದ್ದರಿಂದ ಕಂಪೈಲರ್ ಎರಡಕ್ಕೂ ಸೈ ಎನ್ನುತ್ತದೆ. ರಾಜಾದಿತ್ಯ ಸಹಜ, ವ್ಯಸ್ತ ಎಂದು ಎರಡು ಬಗೆ ಮಾಡಿ, ತ್ರೈರಾಶಿಯಿಂದ ನವರಾಶಿಯವರೆಗೂ ಅದನ್ನು ಬೇರೆ ಬೇರೆಯಾಗಿಯೇ ನಡೆಸಿಕೊಂಡು ಹೋಗಿದ್ದಾನೆ. ನಾವೂ ಎರಡು ಬೇರೆ ಫಂಕ್ಷನ್ ಬರೆದು ಎರಡು ಬೇರೆ ಹೆಸರಿಡಬಹುದು. ಯಾವುದನ್ನು ಕರೆಯಬೇಕು ಎಂದು ತೀರ್ಮಾನಿಸಲು ಕಬ್ಬಿನ ಗದ್ದೆ ಗೊತ್ತಿರುವ ತಲೆಯೇ ಬೇಕು. ಈ ವಿಷಯದಲ್ಲಿ ನಮ್ಮ ಕಡೆಯ ಹುಡುಗರಿಗೆ ಪಟ್ಟಣದವರಿಗಿಂತ ಅನುಕೂಲ ಜಾಸ್ತಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಅವನ ನಂತರ ಆ ಕೃತಿಗಳು ಎಂಟು ನೂರು ವರ್ಷ ಓಲೆಗರಿಯಲ್ಲೇ ಉಳಿದವು. 1907ರಲ್ಲಿ ಕವಿಚರಿತೆಯ ಮೊದಲ ಸಂಪುಟ ಬಂದಾಗ ಚದುರಿಹೋದ ಹೆಸರುಗಳೆಲ್ಲ ಒಬ್ಬನೇ ಮನುಷ್ಯನವು ಎಂದು ಓದುಗರಿಗೆ ತಿಳಿಯಿತು. ವ್ಯವಹಾರಗಣಿತ ಅಚ್ಚಾದದ್ದು ಅದಕ್ಕೂ ಎಷ್ಟೋ ಈಚೆಗೆ. ಗ್ರಂಥಾಲಯದಲ್ಲಿ ಹುಡುಕುವವರಿಗೆ ಒಂದು ಮಾತು. ಭಾಸ್ಕರ ಎಂಬ ಹೆಸರು ಇವನದೂ ಹೌದು, ಭಾಸ್ಕರಾಚಾರ್ಯರದೂ ಹೌದು. ಲೀಲಾವತಿ ಎಂಬ ಗಣಿತ ಗ್ರಂಥ ಇವನದೂ ಇದೆ, ಅವರದೂ ಇದೆ. ಬರಿಯ ಲೀಲಾವತಿ ಎಂದು ಕೇಳಿದರೆ ಸಂಸ್ಕೃತದ್ದೇ ಕೈಗೆ ಬರುತ್ತದೆ. ರಾಜಾದಿತ್ಯ, ವ್ಯವಹಾರಗಣಿತ ಎಂದು ಎರಡನ್ನೂ ಕೂಡಿಸಿ ಕೇಳಿ.